ಹದಿನೈದು ನಿಮಿಷದ ಹುಲ್ಲುಗಾಡಿ

ಹೊಳೆನರಸೀಪುರದ ನಮ್ಮ ಜೂನಿಯರ್ ಕಾಲೇಜಿನಲ್ಲಿ ನಾನು ಇಪ್ಪತ್ತೊಂದು ವರ್ಷ ಚರಿತ್ರೆ ಪಾಠ ಮಾಡಿದವನು. ದೊಡ್ಡ ದೊಡ್ಡ ಯುದ್ಧಗಳು ಯಾವ ಕಾರಣಕ್ಕೆ ಶುರುವಾದವು ಎಂದು ಹುಡುಗರಿಗೆ ಅಂಶ ಅಂಶವಾಗಿ ನೋಟ್ಸ್ ಬರೆಸಿದ್ದೇನೆ. ಆದರೆ ಒಬ್ಬ ಸಜ್ಜನ ಸುಮ್ಮನಿರಬೇಕಾದ ಕಡೆ ಬಾಯಿ ಬಿಟ್ಟರೆ ಎಲ್ಲಿಂದ ಎಲ್ಲಿಗೆ ಹೋಗಬಹುದು ಎನ್ನುವುದನ್ನು ನಾನು ಕಣ್ಣಾರೆ ಕಂಡದ್ದು 2002ರ ದಸರಾ ರಜೆ ಮುಗಿದು ಕಾಲೇಜು ತೆರೆದ ದಿನ. ಬಾಯಿ ಬಿಟ್ಟವರು ಫಿಸಿಕ್ಸ್ ಲೆಕ್ಚರರ್ ವೆಂಕಟರಾಮಯ್ಯನವರು. ನನ್ನ ಪಕ್ಕದ ಮನೆಯವರು, ಸ್ಟಾಫ್ ರೂಮಿನಲ್ಲಿ ಪಕ್ಕದ ಕುರ್ಚಿಯವರು. ಆದ್ದರಿಂದ ಈ ಪ್ರಕರಣದ ಒಳಗೂ ಹೊರಗೂ ನಾನೇ ಸಾಕ್ಷಿ.

ಗಾಡಿ ಬಂದ ಕಥೆ ಮೊದಲು ಹೇಳಬೇಕು. ನಮ್ಮ ಸಂಸ್ಥೆಯ ಅಧ್ಯಕ್ಷರು ಕೆಂಪಣ್ಣನವರು. ದಂಡಿಗನಹಳ್ಳಿ ಕಡೆ ಜಮೀನು, ಊರಲ್ಲಿ ಅಕ್ಕಿ ಗಿರಣಿ, ಎದುರು ಮಾತು ಕೇಳಿ ಅಭ್ಯಾಸವಿಲ್ಲದ ಕಿವಿ. ಬೆಂಗಳೂರಿನಲ್ಲಿ ಯಾವುದೋ ಕಾರ್ಖಾನೆ ಮುಚ್ಚಿ ಸಾಮಾನು ಹರಾಜಾಗುತ್ತಿದೆ ಎಂದು ಕೇಳಿ ಕಾಲೇಜಿಗೆ ಬೀರು ತರಲು ಹೋದವರು, ಬರುವಾಗ ಲಾರಿಯಿಂದ ಒಂದು ಕೆಂಪು ಗಾಡಿ ಇಳಿಸಿದರು. ನಾಲ್ಕು ಚಕ್ರ, ಒಂದು ಸೀಟು, ಒಂದು ಸ್ಟೇರಿಂಗು. ಮರಿ ಟ್ರ್ಯಾಕ್ಟರ್ ಎಂದುಕೊಂಡೇ ಸವಾಲು ಕೂಗಿದ್ದರಂತೆ. ನೇಗಿಲು ಕಟ್ಟಲು ಕೊಕ್ಕೆ ಎಲ್ಲಿದೆ ಎಂದು ಬಗ್ಗಿ ಹುಡುಕಿದಾಗ ಗಾಡಿಯ ಹೊಟ್ಟೆಯಡಿ ಎರಡು ಬ್ಲೇಡು ಕಂಡವು. ಅದು ಕೂತುಕೊಂಡು ಹುಲ್ಲು ಕತ್ತರಿಸುವ ಯಂತ್ರ ಎಂದು ಗೊತ್ತಾದದ್ದು ಆಮೇಲೆ.

ಬೇರೆಯವರಾಗಿದ್ದರೆ ಪೆಚ್ಚಾಗುತ್ತಿದ್ದರು. ಕೆಂಪಣ್ಣನವರು ಅಂದೇ ಕಮಿಟಿ ಕರೆದರು. ನವೆಂಬರ್ ಕೊನೆಗೆ ಕಾಲೇಜಿನ ಬೆಳ್ಳಿಹಬ್ಬವಿದೆ, ಹಾಸನದಿಂದ ಡಿ.ಸಿ. ಸಾಹೇಬರು ಬರುತ್ತಾರೆ, ಅಷ್ಟರಲ್ಲಿ ನಮ್ಮ ಮೈದಾನ ಟೀವಿಯಲ್ಲಿ ತೋರಿಸುವ ಕ್ರಿಕೆಟ್ ಮೈದಾನದ ಹಾಗೆ ಪಟ್ಟೆ ಪಟ್ಟೆಯಾಗಿ ಕಾಣಬೇಕು, ಅದಕ್ಕೆಂದೇ ಬಹಳ ಯೋಚನೆ ಮಾಡಿ ಈ ಗಾಡಿ ತರಲಾಗಿದೆ ಎಂದು ನಿರ್ಣಯ ಬರೆಸಿದರು. ಎಲ್ಲರೂ ಸಹಿ ಹಾಕಿದೆವು.

ಆ ಮೈದಾನದ ಹುಲ್ಲಿಗೆ ಅಲ್ಲಿಯವರೆಗೆ ಯಜಮಾನ ಅಂದರೆ ಮಾಲಿ ದ್ಯಾವಯ್ಯ. ಇಪ್ಪತ್ತು ವರ್ಷದಿಂದ ಕುಡುಗೋಲಿನಲ್ಲಿ ಕೊಯ್ದು, ಹೊರೆ ಕಟ್ಟಿ, ತನ್ನ ಎರಡು ಹಸುಗಳಿಗೆ ಹಾಕುತ್ತಿದ್ದ. ಆ ಹಸುಗಳ ಹಾಲು ಅರ್ಧ ಸ್ಟಾಫಿನ ಮನೆಗೆ ಬರುತ್ತಿತ್ತು. ಈಗ ಗಾಡಿ ಹುಲ್ಲನ್ನು ಹಿಟ್ಟಿನಂತೆ ಪುಡಿ ಮಾಡಿ ಎರಚಿತು, ಹಸುಗಳು ಮೂಸಿ ನೋಡಿ ಮುಖ ತಿರುಗಿಸಿದವು. ಆದರೂ ದ್ಯಾವಯ್ಯ ಗೊಣಗಲಿಲ್ಲ. ಟವೆಲ್ಲನ್ನು ತಲೆಗೆ ಸುತ್ತಿಕೊಂಡು ಗಾಡಿ ಹತ್ತಿ, ಒಂದೇ ದಿನದಲ್ಲಿ ಓಡಿಸುವುದನ್ನು ಕಲಿತ. ಮೊದಲ ದಿನ ಊಟದ ಹೊತ್ತಿನಿಂದ ಸಂಜೆಯವರೆಗೆ ಗಾಡಿ ಒಂದು ಸಲವೂ ನಿಲ್ಲಲಿಲ್ಲ. ಈ ಮಾತನ್ನು ನೆನಪಿಟ್ಟುಕೊಂಡಿದ್ದರೆ ಮುಂದಿನದೊಂದೂ ಆಗುತ್ತಿರಲಿಲ್ಲ, ಆದರೆ ಯಾರೂ ನೆನಪಿಟ್ಟುಕೊಳ್ಳಲಿಲ್ಲ.

ಆಯುಧಪೂಜೆ ಬಂತು. ಕಾಲೇಜಿನ ಗಂಟೆ, ಲ್ಯಾಬಿನ ತಕ್ಕಡಿ, ಆಫೀಸಿನ ಟೈಪ್‌ರೈಟರ್, ದ್ಯಾವಯ್ಯನ ಕುಡುಗೋಲು, ಎಲ್ಲಕ್ಕಿಂತ ಮುಂದೆ ಹುಲ್ಲುಗಾಡಿ. ಪೂಜೆಯ ಉಸ್ತುವಾರಿ ವೆಂಕಟರಾಮಯ್ಯನವರ ಹೆಂಡತಿ ವೇದವತಮ್ಮನವರದು. ಅವರು ಯಾವುದನ್ನೂ ಅರೆಮನಸ್ಸಿನಿಂದ ಮಾಡಿದವರಲ್ಲ. ಗಾಡಿಯ ಸುತ್ತ ಒಂದು ಸಲ ಬಂದು, ಬೊಟ್ಟಿಡಲು ಹಣೆ ಎಲ್ಲಿದೆ ಎಂದು ನೋಡಿದರು. ಮುಂಭಾಗದಲ್ಲಿ, ಎತ್ತರದಲ್ಲಿ, ದುಂಡಗೆ, ಕಪ್ಪಗೆ ಪೆಟ್ರೋಲ್ ಟ್ಯಾಂಕಿನ ಮುಚ್ಚಳವಿತ್ತು. ಅದರ ನಟ್ಟನಡುವೆ ಮನೆಯಲ್ಲೇ ತೇಯ್ದು ತಂದ ಗಟ್ಟಿ ಗಂಧ, ಅದರ ಮೇಲೆ ಅರಿಸಿನ, ಅದರ ಮೇಲೆ ತುಪ್ಪದಲ್ಲಿ ಕಲಸಿದ ಕುಂಕುಮ. ಪ್ರತಿ ಶುಕ್ರವಾರ ನೀವೇ ಒಂದು ಬೊಟ್ಟು ಇಡಿ, ಪರದೇಶದ ಗಾಡಿ, ದೃಷ್ಟಿಯಾಗುತ್ತೆ ಎಂದು ಗಂಡನಿಗೆ ಅಪ್ಪಣೆ ಮಾಡಿದರು. ವೆಂಕಟರಾಮಯ್ಯನವರು ತಪ್ಪಿಸಿದ ಕ್ಲಾಸುಗಳುಂಟು, ಮುಂದೆ ತಪ್ಪಿಸಿದ ಶುಕ್ರವಾರವಿಲ್ಲ.

ರಜೆ ಕಳೆದು ಕಾಲೇಜು ತೆರೆದ ದಿನ ಗಾಡಿ ಹದಿನೈದು ನಿಮಿಷ ಓಡಿ, ಎರಡು ಸಲ ಕೆಮ್ಮಿ, ಮೈದಾನದ ನಡುವೆ ನಿಂತಿತು. ಪ್ರಿನ್ಸಿಪಾಲರಿಂದ ಹಿಡಿದು ಗಂಟೆ ಹೊಡೆಯುವವನವರೆಗೆ ಎಲ್ಲರೂ ಸುತ್ತ ಸೇರಿದೆವು. ಪೆಟ್ರೋಲ್ ಇದೆಯೋ ಇಲ್ಲವೋ ಎಂದು ದ್ಯಾವಯ್ಯ ಮುಚ್ಚಳ ತಿರುಗಿಸಿದ. ಉಸ್ ಎಂದು ಸದ್ದು ಬಂತು. ಬೇಕಾದಷ್ಟು ಪೆಟ್ರೋಲ್ ಇತ್ತು. ಮುಚ್ಚಿದ. ಆ ಗಳಿಗೆಯಲ್ಲಿ ವೆಂಕಟರಾಮಯ್ಯನವರು ಗಂಟಲು ಸರಿಮಾಡಿಕೊಂಡು, "ಇದರಲ್ಲೇನಿದೆ, ಕಾರ್ಬುರೇಟರ್ ತೊಂದರೆ ಅಷ್ಟೆ" ಎಂದರು.

ಅವರಿಗೆ ಸ್ಕೂಟರ್ ಓಡಿಸಲು ಬರುತ್ತಿರಲಿಲ್ಲ. ಸೈಕಲ್ಲಿನ ಚೈನು ಬಿದ್ದರೆ ನಮ್ಮ ಮನೆಯವರೆಗೆ ತಳ್ಳಿಕೊಂಡು ಬರುತ್ತಿದ್ದರು. ಆದರೆ ಇಪ್ಪತ್ತನಾಲ್ಕು ವರ್ಷದಿಂದ ಹದಿನಾಲ್ಕನೇ ಅಧ್ಯಾಯದಲ್ಲಿ ಕಾರ್ಬುರೇಟರ್ ಪಾಠ ಮಾಡುತ್ತಿದ್ದರು. ನಾಲ್ಕು ಬಣ್ಣದ ಸೀಮೆಸುಣ್ಣದಲ್ಲಿ ಅವರು ಬರೆಯುವ ಚಿತ್ರ ನೋಡಲು ಆರ್ಟ್ಸ್ ಹುಡುಗರೂ ಕಿಟಕಿಗೆ ಬರುತ್ತಿದ್ದರು. ಅಂಥವರು ಕೈಯಲ್ಲಿದ್ದ ಮರದ ಸ್ಕೇಲಿನಿಂದ ಕಾರ್ಬುರೇಟರ್ ಎಂದು ತೋರಿದ್ದಕ್ಕೆ ಎರಡು ಸಲ ತಟ್ಟಿ, ಈಗ ಸ್ಟಾರ್ಟ್ ಮಾಡು ಎಂದರು. ದ್ಯಾವಯ್ಯ ಕೀಲಿ ತಿರುಗಿಸಿದ. ಗಾಡಿ ಹೊರಟೇ ಹೋಯಿತು.

ಎಲ್ಲರಿಗಿಂತ ಹೆಚ್ಚು ಆಶ್ಚರ್ಯವಾದದ್ದು ವೆಂಕಟರಾಮಯ್ಯನವರಿಗೇ. ಆದರೆ ಆ ಮುಖವನ್ನು ಅವರು ತಕ್ಷಣ ಒಳಗಿಟ್ಟುಕೊಂಡರು. ಮಧ್ಯಾಹ್ನದೊಳಗೆ ಅವರನ್ನು ಯಂತ್ರದ ಇನ್‌ಚಾರ್ಜ್ ಮಾಡಿ ಆರ್ಡರ್ ಬಂತು. ಸಂಜೆ ಅವರ ಮನೆ ಮುಂದೆ ಒಂದು ಮೊಪೆಡ್ಡು, ಒಂದು ಮಿಕ್ಸಿ. ಎರಡೇ ದಿನದಲ್ಲಿ ಕೆಂಪಣ್ಣನವರ ಭಾವಮೈದ ದೇವರಾಜ್ ಅರಕಲಗೂಡಿನಿಂದ ಹೊಗೆಸೊಪ್ಪಿಗೆ ಔಷಧಿ ಹೊಡೆಯುವ ಪಂಪು ಹೊತ್ತು ತಂದ. ಮೇಷ್ಟ್ರು ಸುಮ್ಮನೆ ಎರಡು ಸಲ ತಟ್ಟಿಕೊಡಲಿ ಸಾಕು ಎಂದ. ತಟ್ಟಿಕೊಟ್ಟರು. ಅದು ಸರಿಹೋಗಲಿಲ್ಲ. ಅದಕ್ಕೆ ದೇವರಾಜ್ ಪಂಪಿನ ಕಂಪನಿಯನ್ನು ಬೈದನೇ ಹೊರತು ಮೇಷ್ಟ್ರನ್ನು ಬೈಯಲಿಲ್ಲ.

ಆದರೆ ಹುಲ್ಲುಗಾಡಿ ಹದಿನೈದು ನಿಮಿಷಕ್ಕೊಮ್ಮೆ ನಿಲ್ಲುವುದನ್ನು ಬಿಡಲಿಲ್ಲ. ಮೇಷ್ಟ್ರು ಸ್ಕೇಲು ಹಿಡಿದು ಓಡಿಹೋಗಿ ತಟ್ಟುವರು. ಯಾರಾದರೂ ಮುಚ್ಚಳ ತೆಗೆದು ಇಣುಕಿದ್ದರೆ ಓಡುವುದು, ಇಲ್ಲದಿದ್ದರೆ ಇಲ್ಲ. ಆದರೆ ಮುಚ್ಚಳದ ಕಡೆ ಯಾರ ಗಮನ? ಎಲ್ಲರೂ ಸ್ಕೇಲನ್ನೇ ನೋಡುತ್ತಿದ್ದೆವು. ತಟ್ಟಿದ ಜಾಗ ಸರಿಯಿಲ್ಲವೇನೋ ಎಂದು ಅವರು ಸ್ವಲ್ಪ ಎಡಕ್ಕೆ ತಟ್ಟಿ ನೋಡಿದರು, ಸ್ವಲ್ಪ ಬಲಕ್ಕೆ ತಟ್ಟಿ ನೋಡಿದರು. ಎರಡನೇ ವಾರ ಸ್ಕೇಲು ಮುರಿಯಿತು.

ಆಗ ಕಾರ್ಬುರೇಟರನ್ನೇ ಬಿಚ್ಚುವುದೆಂದಾಯಿತು. ಸ್ಟಾಫ್ ರೂಮಿನ ಮೇಜಿನ ಮೇಲೆ ಪೇಪರು ಹಾಸಿ, ಪಠ್ಯಪುಸ್ತಕ ತೆರೆದಿಟ್ಟುಕೊಂಡು ಬಿಚ್ಚಿದರು. ಚಿತ್ರದಲ್ಲಿ ಆರು ಭಾಗಗಳಿದ್ದವು, ಮೇಜಿನ ಮೇಲೆ ಹತ್ತೊಂಬತ್ತು. ಜೋಡಿಸುವಾಗ ಒಂದು ಪುಟ್ಟ ಸ್ಪ್ರಿಂಗು ಉಳಿಯಿತು. ಅದನ್ನು ಅವರು ಶರ್ಟಿನ ಜೇಬಿಗೆ ಹಾಕಿಕೊಂಡಿದ್ದನ್ನು ನಾನು ನೋಡಿದೆ, ನೋಡಿದ್ದನ್ನು ಅವರೂ ನೋಡಿದರು. ಪೇಟೆ ಬೀದಿಯ ಸ್ಕೂಟರ್ ಮೆಕ್ಯಾನಿಕ್ ಚನ್ನಪ್ಪನನ್ನು ಕರೆಸಬೇಕಾಯಿತು. ಅವನು ಜೇಬಿನಿಂದ ಸ್ಪ್ರಿಂಗು ವಸೂಲು ಮಾಡಿ, ಎಲ್ಲ ಜೋಡಿಸಿ, ಮುಚ್ಚಳ ತೆಗೆದು ಒಂದು ಲೀಟರ್ ಪೆಟ್ರೋಲ್ ಸುರಿದು ಸ್ಟಾರ್ಟ್ ಮಾಡಿದ. ಓಡಿತು. ಚನ್ನಪ್ಪನಿಗೆ ಜೈಕಾರ. ಅವನು ಕಾಫಿ ಕುಡಿದು ಗೇಟು ದಾಟುವಷ್ಟರಲ್ಲಿ ಗಾಡಿ ನಿಂತಿತು.

ಆಮೇಲೆ ಬಂದವರಿಗೆ ಲೆಕ್ಕವಿಲ್ಲ. ಪ್ಲಗ್ ಒರೆಸಿದವರು, ಪೈಪು ಊದಿದವರು, ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿದವರು, ಗಾಡಿಯ ಮೂತಿ ಈಶಾನ್ಯಕ್ಕೆ ತಿರುಗಿಸಿದವರು. ಪ್ರತಿಯೊಬ್ಬರೂ ಮೊದಲು ಮಾಡುತ್ತಿದ್ದ ಕೆಲಸ ಮುಚ್ಚಳ ತೆಗೆದು ಪೆಟ್ರೋಲ್ ಇದೆಯೇ ನೋಡುವುದು. ಆದ್ದರಿಂದ ಪ್ರತಿಯೊಬ್ಬರಿಗೂ ಗುಣ ಸಿಕ್ಕಿತು, ಪ್ರತಿಯೊಬ್ಬರೂ ಹದಿನೈದು ನಿಮಿಷ ಮಹಾಪುರುಷರಾಗಿದ್ದರು. ಒಂದು ಸಲ ನಾನೂ ಮುಚ್ಚಳ ತೆಗೆದು ನೋಡಿ, ಬಾನೆಟ್ಟಿನ ಮೇಲೆ ಕೈಯಿಟ್ಟೆ. ಓಡಿತು. ನನ್ನ ಕೈಗುಣದ ಬಗ್ಗೆ ನನ್ನ ಹೆಂಡತಿಗೆ ಅವತ್ತು ಇಡೀ ಸಂಜೆ ಹೇಳಿದ್ದೇನೆ, ಮುಚ್ಚುಮರೆ ಯಾಕೆ.

ಇಷ್ಟಕ್ಕೇ ನಿಂತಿದ್ದರೆ ನಗುವುದಷ್ಟೇ ಉಳಿಯುತ್ತಿತ್ತು. ಬೆಳ್ಳಿಹಬ್ಬಕ್ಕೆ ಹತ್ತು ದಿನವಿದ್ದಾಗ ಕೆಂಪಣ್ಣನವರು ಕಮಿಟಿ ಕರೆದರು. ಮೈದಾನದಲ್ಲಿ ಪಟ್ಟೆಯ ಬದಲು ತೇಪೆ ಬಿದ್ದಿತ್ತು. ಎಲ್ಲರ ಮುಂದೆ ಅವರು ಕೇಳಿದ್ದು ಒಂದೇ ಪ್ರಶ್ನೆ.

"ಮೇಷ್ಟ್ರೇ, ಕಾರ್ಬೇಟ್ರು ಬಿಚ್ಚಿದ್ರಿ, ತಟ್ಟಿದ್ರಿ, ಕುಟ್ಟಿದ್ರಿ. ಗಾಡಿ ಯಾಕ್ ನಿಂತ್ಕತದೆ ಏಳಿ."

ಗೊತ್ತಿಲ್ಲ ಎಂದರೆ ಮುಗಿಯುತ್ತಿತ್ತು. ಆ ಒಂದು ಪದ ವೆಂಕಟರಾಮಯ್ಯನವರ ಬಾಯಿಂದ ಹೊರಡಲಿಲ್ಲ. ಇಪ್ಪತ್ತನಾಲ್ಕು ವರ್ಷ ಹುಡುಗರ ಮುಂದೆ ಹೇಳದ ಪದ ಅದು. ಮೇಲೆ ನೋಡಿದರು, ಫ್ಯಾನು ನೋಡಿದರು, ಕೊನೆಗೆ, "ಕಾರ್ಬುರೇಟರ್ ಸರಿಯಾಗಿದೆ. ಒಳಗೆ ಹೋಗುವ ಪೆಟ್ರೋಲ್ ಶುದ್ಧವಾಗಿರಲಿಕ್ಕಿಲ್ಲ. ಸೀಮೆಎಣ್ಣೆ ಬೆರಕೆಯಾಗಿರಬಹುದು" ಎಂದರು.

ಅವರು ಯಾರ ಹೆಸರನ್ನೂ ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ದಿನವೂ ಕ್ಯಾನು ಕಟ್ಟಿಕೊಂಡು ಸೈಕಲ್ಲಿನಲ್ಲಿ ಪೆಟ್ರೋಲ್ ತರುತ್ತಿದ್ದವನು ದ್ಯಾವಯ್ಯ. ಗಾಡಿ ಬಂದದ್ದರಿಂದ ಹಸುಗಳ ಹುಲ್ಲು ಹೋದದ್ದೂ ಅವನದೇ. ಕಮಿಟಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ತಲೆಯಾಡಿಸಿದರು. ಎಲ್ಲರಿಗೂ ಎಲ್ಲವೂ ಹೊಳೆದುಬಿಟ್ಟಿತು. ಕೆಂಪಣ್ಣನವರು ದ್ಯಾವಯ್ಯನನ್ನು ಕರೆಸಿ, ಬೆಳ್ಳಿಹಬ್ಬದ ದಿನ ಡಿ.ಸಿ. ಸಾಹೇಬರ ಮುಂದೆ ನೀನೇ ಗಾಡಿ ಓಡಿಸಬೇಕು, ಅವತ್ತು ಗಾಡಿ ನಿಂತರೆ ನಿನ್ನ ಕೆಲಸವೂ ಅಲ್ಲಿಗೇ ನಿಂತಿತು ಎಂದು ತಿಳಿಸಿದರು.

ಮಾರನೆಯ ಬೆಳಿಗ್ಗೆ ದ್ಯಾವಯ್ಯ ಎಂದಿನಂತೆ ಹಾಲು ತಂದ. ಜೊತೆಗೆ ಒಂದು ಗಾಜಿನ ಬಾಟಲಿಯಲ್ಲಿ ಪೆಟ್ರೋಲ್ ತಂದು ವೆಂಕಟರಾಮಯ್ಯನವರ ಜಗಲಿಯ ಮೇಲಿಟ್ಟ. ನಾನು ಪಕ್ಕದ ಜಗಲಿಯಲ್ಲಿ ಪೇಪರ್ ಓದುತ್ತಿದ್ದೆ.

"ಲ್ಯಾಬಲ್ಲಿ ನೋಡಿ ಸಾ, ಏನ್ ಬೆರಕೆ ಐತೆ ಅಂತ. ಇಪ್ಪತ್ ವರ್ಸದಿಂದ ಕಾಲೇಜಿನ ಒಂದ್ ಮೊಳೆ ಮನೆಗ್ ತಕ್ಕಂಡೋಗಿಲ್ಲ ನಾನು. ಉಲ್ಲು ತಕ್ಕಂಡೋಗಿವ್ನಿ, ನಿಮ್ಮನ್ನೆಲ್ಲ ಕೇಳ್ಕಂಡೇ ತಕ್ಕಂಡೋಗಿವ್ನಿ. ನೀವು ಓದಿರೋರು, ನೀವಂದ್ಮ್ಯಾಕೆ ಯಾರೂ ನನ್ ಮಾತ್ ಕೇಳಲ್ಲ."

ಸಿಟ್ಟಿರಲಿಲ್ಲ ಆ ಮಾತಿನಲ್ಲಿ, ಅದೇ ತೊಂದರೆಯಾದದ್ದು. ವೆಂಕಟರಾಮಯ್ಯನವರು ನೋಡೋಣ, ನೋಡೋಣ ಎಂದು ಒಳಗೆ ಹೋದರು. ಒಳಗೆ ವೇದವತಮ್ಮನವರು ಹಾಲಿನ ಪಾತ್ರೆ ಹಿಡಿದು ನಿಂತಿದ್ದರು.

"ಹದಿನಾಲ್ಕು ವರ್ಷದಿಂದ ಹಾಲಿಗೆ ಒಂದು ತೊಟ್ಟು ನೀರು ಬೆರೆಸದವನು ಪೆಟ್ರೋಲಿಗೆ ಸೀಮೆಎಣ್ಣೆ ಬೆರೆಸ್ತಾನಾ? ಏನ್ರೀ ಹೇಳಿಬಂದ್ರಿ ನೀವು?"

ಗೋಡೆಯಾಚೆ ನನಗೇ ಕೇಳಿಸಿದ ಮೇಲೆ ಬೀದಿಯಲ್ಲಿ ಯಾರಿಗೆ ಕೇಳಿಸದೆ ಇದ್ದೀತು. ವೆಂಕಟರಾಮಯ್ಯನವರು ಅವತ್ತು ಹಾಲು ಹಾಕದ ಕಾಫಿ ಕುಡಿದರು. ಆಡಿದ ಮಾತು ಹಿಂದಕ್ಕೆ ತೆಗೆದುಕೊಳ್ಳಬೇಕೆಂದು ಎರಡು ಸಲ ಗಿರಣಿಯ ಬಾಗಿಲತನಕ ಹೋಗಿ, ಹಾಗಾದರೆ ನಿಜವಾದ ಕಾರಣವೇನು ಎಂದು ಕೇಳಿದರೆ ಏನು ಹೇಳುವುದೆಂದು ತಿಳಿಯದೆ ವಾಪಸ್ ಬಂದರು. ಆ ವಾರ ಅವರು ನಿಜಕ್ಕೂ ಇಳಿದುಹೋದರು. ನನಗೆ ಅವರನ್ನು ಕಂಡರೆ ಪಾಪ ಅನಿಸುತ್ತಿತ್ತು, ದ್ಯಾವಯ್ಯನನ್ನು ಕಂಡರೆ ಅದಕ್ಕಿಂತ ಹೆಚ್ಚು ಅನಿಸುತ್ತಿತ್ತು. ಶುಕ್ರವಾರ ಬಂದಾಗ ಮಾತ್ರ, ಈ ಸಲವಾದರೂ ದೇವರು ಕಣ್ಣು ಬಿಡಲಿ ಎಂದು ಇನ್ನೂ ದೊಡ್ಡ ಬೊಟ್ಟು ಇಟ್ಟರು.

ಬೆಳ್ಳಿಹಬ್ಬದ ದಿನ ಶಾಮಿಯಾನ, ಮೈಕು, ಎದುರಿಗೆ ಸಾವಿರ ಜನ. ಯಂತ್ರದ ಹತ್ತಿರ ಮೇಷ್ಟ್ರು ಸುಳಿಯಕೂಡದೆಂದು ಕೆಂಪಣ್ಣನವರು ಅವರನ್ನು ಅಡುಗೆಯ ಕಡೆಗೆ ಹಾಕಿದ್ದರು. ಅವರ ಮೇಲೆ ಒಂದು ಕಣ್ಣಿಡಲು ನನ್ನನ್ನೂ ಹಾಕಿದ್ದರು. ವೇದಿಕೆಯ ಹಿಂದೆ ಚನ್ನರಾಯಪಟ್ಟಣದಿಂದ ಬಂದ ಅಡುಗೆಯ ನಂಜಯ್ಯ ಬೋಂಡಕ್ಕೆ ಬಾಣಲೆ ಇಟ್ಟಿದ್ದ. ಮುಂದೆ ಡಿ.ಸಿ. ಸಾಹೇಬರು ಬಂದು ಕೂತರು, ಪ್ರಾರ್ಥನೆಯಾಯಿತು, ದ್ಯಾವಯ್ಯ ಹೊಸ ಟವೆಲ್ ಸುತ್ತಿಕೊಂಡು ಗಾಡಿ ಹೊರಡಿಸಿದ. ಗಾಡಿ ಶಬ್ದ ಮಾಡುತ್ತ ಸುತ್ತು ಹಾಕತೊಡಗಿತು. ವೆಂಕಟರಾಮಯ್ಯನವರು ಗಡಿಯಾರ ನೋಡಿಕೊಂಡರು.

ನಂಜಯ್ಯ ಹದಿನೈದು ಕೇಜಿಯ ಎಣ್ಣೆ ಡಬ್ಬಕ್ಕೆ ಮೊಳೆಯಿಂದ ಒಂದು ತೂತು ಹೊಡೆದು, ಸ್ವಲ್ಪ ಬಾಣಲೆಗೆ ಬಗ್ಗಿಸಿ ಹಿಡಿಯಿರಿ ಎಂದು ಮೇಷ್ಟ್ರ ಕೈಗೆ ಕೊಟ್ಟ. ಮೇಷ್ಟ್ರು ಬಗ್ಗಿಸಿದರು. ಎಣ್ಣೆ ಗುಳುಗುಳು ಎಂದು ಎರಡು ಸಲ ಬಿದ್ದು ನಿಂತಿತು. ಅಲ್ಲಾಡಿಸಿದರು. ಅಭ್ಯಾಸಬಲದಿಂದ ಡಬ್ಬವನ್ನು ಎರಡು ಸಲ ತಟ್ಟಿದರು. ಬೀಳಲಿಲ್ಲ.

"ತಟ್ಟುದ್ರೆ ಎಂಗ್ ಬತ್ತದೆ ಸಾ? ಇನ್ನೊಂದ್ ತೂತು ಒಡೀಬೇಕು. ಗಾಳಿ ಒಳಕ್ಕೋದ್ರೆ ತಾನೆ ಎಣ್ಣೆ ಈಚೆಗ್ ಬರೋದು," ಎಂದು ನಂಜಯ್ಯ ಡಬ್ಬದ ಇನ್ನೊಂದು ಮೂಲೆಗೆ ಮೊಳೆ ಹೊಡೆದ. ಉಸ್ ಎಂದಿತು. ಎಣ್ಣೆ ಧಾರೆಯಾಗಿ ಬಿತ್ತು.

ವೆಂಕಟರಾಮಯ್ಯನವರು ಡಬ್ಬವನ್ನು ನನ್ನ ಕೈಗೆ ಕೊಟ್ಟು, ಆರನೇ ಅಧ್ಯಾಯ ಎಂದರು. ಬಾಣಲೆಯ ಝಳಕ್ಕೆ ತಲೆ ತಿರುಗಿರಬೇಕೆಂದು ನಾನು ನೀರು ತರಲು ಹೇಳಿದೆ. ಆರನೇ ಅಧ್ಯಾಯ, ಗಾಳಿಯ ಒತ್ತಡ ಎಂದು ಇನ್ನೊಂದು ಸಲ ಹೇಳಿ, ಪಂಚೆ ಎತ್ತಿ ಕಟ್ಟಿ ಓಡಿದರು. ಹದಿನಾಲ್ಕನೇ ಅಧ್ಯಾಯದಲ್ಲಿ ಆರು ವಾರ ಹುಡುಕಿದ್ದು ಆರನೇ ಅಧ್ಯಾಯದಲ್ಲಿತ್ತು. ಅದನ್ನೂ ಅವರೇ ಇಪ್ಪತ್ತನಾಲ್ಕು ವರ್ಷದಿಂದ ಪಾಠ ಮಾಡುತ್ತಿದ್ದರು.

ಅವರು ವೇದಿಕೆ ಸುತ್ತಿ ಬರುವುದಕ್ಕೂ ಗಾಡಿ ಡಿ.ಸಿ. ಸಾಹೇಬರ ಎದುರಿಗೇ ಎರಡು ಸಲ ಕೆಮ್ಮಿ ನಿಲ್ಲುವುದಕ್ಕೂ ಸರಿಹೋಯಿತು. ಸ್ವಾಗತ ಭಾಷಣ ಮಾಡುತ್ತಿದ್ದ ಕೆಂಪಣ್ಣನವರು ಮೈಕಿನಲ್ಲೇ, "ದ್ಯಾವಯ್ಯ, ಇಳಿ ಕೆಳಕ್ಕೆ" ಎಂದರು. ದ್ಯಾವಯ್ಯ ಇಳಿದ. ಕೀಲಿ ತೆಗೆದು ಸೀಟಿನ ಮೇಲಿಟ್ಟ, ತಲೆಯ ಟವೆಲ್ ಬಿಚ್ಚಿ ಹೆಗಲಿಗೆ ಹಾಕಿಕೊಂಡ.

ವೆಂಕಟರಾಮಯ್ಯನವರು ವೇದಿಕೆ ಹತ್ತಿದರು. ಕೈಯೆಲ್ಲ ಎಣ್ಣೆ, ಉಬ್ಬಸ. ಕೆಂಪಣ್ಣನವರ ಮುಂದಿನಿಂದ ಮೈಕು ಎಳೆದುಕೊಂಡರು. ನಾನು ಡಬ್ಬ ಹಿಡಿದುಕೊಂಡೇ ಅವರ ಹಿಂದೆ ಬಂದಿದ್ದೆ.

"ದ್ಯಾವಯ್ಯನ ಪೆಟ್ರೋಲು ಶುದ್ಧವಾಗಿದೆ. ಬೆರಕೆ ಅಂದವನು ನಾನು, ಗೊತ್ತಿಲ್ಲದೆ ಅಂದೆ. ಕಾರ್ಬುರೇಟರ್ ವಿಷಯದಲ್ಲಿ ಚಿತ್ರ ಬರೆಯೋದು ಬಿಟ್ಟು ನನಗೆ ಬೇರೇನೂ ಗೊತ್ತಿಲ್ಲ. ಆ ಮುಚ್ಚಳದಲ್ಲಿ ಗಾಳಿ ಹೋಗೋಕೆ ಒಂದು ಸಣ್ಣ ತೂತು ಇದ್ದೇ ಇರಬೇಕು. ಪ್ರತಿ ಶುಕ್ರವಾರ ಬೊಟ್ಟಿಟ್ಟು ಅದನ್ನು ಮುಚ್ಚಿದವನು ನಾನು. ಯಾರ ಹತ್ತಿರವಾದರೂ ಒಂದು ಪಿನ್ನಿದ್ದರೆ ಕೊಡಿ."

ಚಿತ್ರ ಬರೆಯೋದು ಬಿಟ್ಟು ಎಂಬಲ್ಲಿ ಹಿಂದಿನ ಸಾಲಿನ ಸೈನ್ಸ್ ಹುಡುಗರು ಚಪ್ಪಾಳೆ ತಟ್ಟಿದರು. ಹೆಂಗಸರ ಕಡೆಯಿಂದ ವೇದವತಮ್ಮನವರು ಎದ್ದು ಬಂದರು. ಬಳೆಗೆ ಸಿಕ್ಕಿಸಿದ್ದ ಪಿನ್ನು ತೆಗೆಯುತ್ತ ಮುಚ್ಚಳವನ್ನು ನೋಡಿದರು, ಗಂಡನನ್ನು ನೋಡಿದರು. ಮೊದಲ ಬೊಟ್ಟು ಯಾರದೆಂದು ಇಬ್ಬರಿಗೂ ಗೊತ್ತಿತ್ತು. ಪಿನ್ನನ್ನು ಅವರ ಕೈಗಿಟ್ಟರು.

ಮೇಷ್ಟ್ರು ವೇದಿಕೆಯಿಂದ ಇಳಿದು ಗಾಡಿಯ ಹತ್ತಿರ ಹೋಗಿ ಮುಚ್ಚಳ ಕೆರೆದರು. ಕುಂಕುಮ, ಅರಿಸಿನ, ಗಂಧ, ಮತ್ತೆ ಕುಂಕುಮ. ಆರು ಶುಕ್ರವಾರಗಳು ಪದರ ಪದರವಾಗಿ ಎದ್ದುಬಂದವು. ನನ್ನ ವಿಷಯಕ್ಕೆ ಸಂಬಂಧಪಟ್ಟ ಉತ್ಖನನ ನಾನು ನೋಡಿದ್ದು ಇದೊಂದೇ. ಎಲ್ಲದರ ಕೆಳಗೆ ಸಾಸಿವೆ ಕಾಳಿನಷ್ಟು ತೂತು. ಪಿನ್ನು ಆಡಿಸಿದ ಕೂಡಲೇ ಉಸ್ ಎಂದಿತು. ದ್ಯಾವಯ್ಯ ಸೀಟಿನ ಮೇಲಿನ ಕೀಲಿ ತೆಗೆದುಕೊಂಡು, ಯಾರ ಅಪ್ಪಣೆಯನ್ನೂ ಕೇಳದೆ ಗಾಡಿ ಹತ್ತಿದ.

ಹದಿನೈದು ನಿಮಿಷ ಓಡುವುದು ಎಲ್ಲರೂ ಕಂಡದ್ದೇ. ಹದಿನಾರನೆಯದು ಬಂದರೆ ತಾನೆ ನಂಬುವುದು. ಡಿ.ಸಿ. ಸಾಹೇಬರು ಭಾಷಣಕ್ಕೆ ಎದ್ದರು, ಗಾಡಿಯ ಶಬ್ದದಲ್ಲಿ ಒಂದು ಅಕ್ಷರ ಕೇಳಿಸಲಿಲ್ಲ. ನಿಲ್ಲಿಸು ಎನ್ನಲು ಕೆಂಪಣ್ಣನವರಿಗೂ ಮನಸ್ಸಿಲ್ಲ. ಸಭೆಯೆಲ್ಲ ಕೈಗಡಿಯಾರ ನೋಡುತ್ತಿತ್ತು. ಭಾಷಣ ಉದ್ದವಾಯಿತೆಂದುಕೊಂಡು ಸಾಹೇಬರು ಪಾಪ ಪುಟ ಹಾರಿಸತೊಡಗಿದರು. ಕೊನೆಗೆ ಅವರು ಗ್ರಾಮಾಂತರ ಚರಂಡಿ ವ್ಯವಸ್ಥೆಯ ಬಗ್ಗೆ ಏನೋ ಹೇಳುತ್ತಿದ್ದಾಗ ಹದಿನಾರನೇ ನಿಮಿಷವಾಯಿತು. ಸಾವಿರ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಚರಂಡಿಗೆ ಇಂಥ ಚಪ್ಪಾಳೆಯನ್ನು ತಮ್ಮ ಸರ್ವೀಸಿನಲ್ಲೇ ಕಂಡಿಲ್ಲವೆಂದು ಸಾಹೇಬರು ಬೋಂಡ ತಿನ್ನುವಾಗ ಹೇಳಿದರಂತೆ.

ಕೆಂಪಣ್ಣನವರು ತಪ್ಪಾಯಿತೆಂದು ಹೇಳುವ ಪೈಕಿಯಲ್ಲ. ಮೈದಾನದ ಹಿಂಭಾಗದ ಅರ್ಧ ಹುಲ್ಲನ್ನು ಕುಡುಗೋಲಿನಲ್ಲೇ ಕೊಯ್ಯತಕ್ಕದ್ದೆಂದು ಒಂದು ನಿರ್ಣಯ ಬರೆಸಿದರು. ಹಸುಗಳಿಗೆ ಅದು ಅರ್ಥವಾಯಿತು. ಯಂತ್ರದ ಇನ್‌ಚಾರ್ಜ್ ದ್ಯಾವಯ್ಯನಾದ. ತನ್ನ ಸ್ಪ್ರಿಂಗಿನಿಂದಲೇ ಗಾಡಿ ಸರಿಹೋದದ್ದೆಂದು ಚನ್ನಪ್ಪ ಈಗಲೂ ವಾದಿಸುತ್ತಾನೆ. ನನ್ನ ಕೈಗುಣದ ಸುದ್ದಿಯನ್ನು ಮಾತ್ರ ನಮ್ಮ ಮನೆಯಲ್ಲಿ ಯಾರೂ ಎತ್ತಲಿಲ್ಲ.

ವೇದವತಮ್ಮನವರು ಮೂರು ದಿನ ಗಂಡನ ಹತ್ತಿರ ಮಾತಾಡಲಿಲ್ಲ. ನಾಲ್ಕನೇ ದಿನ ಕಾಫಿ ಕೊಡುತ್ತ, ನನ್ನ ಹೆಸರೂ ಹೇಳಬಹುದಿತ್ತಲ್ಲ ಎಂದರಂತೆ. ನೀನು ತೂತು ಮುಚ್ಚಿದೆ, ನಾನು ಬಾಯಿ ಬಿಟ್ಟೆ, ನನ್ನದೇ ದೊಡ್ಡದು ಎಂದರಂತೆ ಇವರು. ಕಾಫಿಗೆ ಹಾಲು ಬಿದ್ದಿತ್ತು.

ಮಾರನೆಯ ವರ್ಷದ ಆಯುಧಪೂಜೆಗೆ ಎಲ್ಲರೂ ಮತ್ತೆ ಸೇರಿದೆವು. ದ್ಯಾವಯ್ಯ ಮೊದಲೇ ಬಂದು ಮುಚ್ಚಳದ ತೂತಿಗೆ ಒಂದು ಪೊರಕೆ ಕಡ್ಡಿ ಸಿಕ್ಕಿಸಿಟ್ಟಿದ್ದ. ಬೊಟ್ಟಿಡಲು ವೇದವತಮ್ಮನವರ ಕೈ ಹಿಂಜರಿಯಿತು. "ಇಡಿ ತಾಯಿ. ಉಸ್ರಾಡಕ್ಕೆ ಒಸಿ ಜಾಗ ಬುಟ್ಟು ಇಡಿ" ಎಂದ. ಕಡ್ಡಿಯ ಸುತ್ತ ಅವರು ಬಹಳ ಎಚ್ಚರದಿಂದ ಗಂಧವಿಟ್ಟರು.

ವೆಂಕಟರಾಮಯ್ಯನವರು ಬೆರಳಿನಲ್ಲಿ ಕುಂಕುಮ ತೆಗೆದುಕೊಂಡು ನಿಂತಿದ್ದರು. ಟೈಪ್‌ರೈಟರ್ ಹತ್ತಿರ ಹೋಗಿ ಹಿಂದೆ ಬಂದರು, ತಕ್ಕಡಿಯ ಹತ್ತಿರ ಹೋಗಿ ಹಿಂದೆ ಬಂದರು. ಎಲ್ಲಿಟ್ಟರೆ ಏನಾಗುತ್ತದೋ ಎಂಬ ಭಯ ಮುಖದ ಮೇಲೆ ಚೆನ್ನಾಗಿ ಕಾಣುತ್ತಿತ್ತು. ದ್ಯಾವಯ್ಯ ಅದನ್ನು ಸ್ವಲ್ಪ ಹೊತ್ತು ನೋಡಿದ. ಆಮೇಲೆ ತನ್ನ ಕುಡುಗೋಲನ್ನು ಟವೆಲ್ಲಿನಿಂದ ಒರೆಸಿ, ಎರಡೂ ಕೈಯಲ್ಲಿ ಹಿಡಿದು ಅವರ ಮುಂದೆ ಚಾಚಿದ.

"ಇದಕ್ಕಿಡಿ ಸಾ. ಇದ್ರಲ್ಲಿ ತೂತಿಲ್ಲ."